ಫಾರಿನ್ ಹೊಂಟಾಂವ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ವಿದೇಶಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ, ಹಾಕುತ್ತಿರುವ ಅಥವಾ ಹಾಕಬೇಕೆಂದು ನಾಲ್ಕು ಜನರ ಮುಂದೆ ಬಾಯಿಬಿಟ್ಟ ಹುಡುಗನಿಗೆ ‘ಫಾರಿನ್ ಹೊಂಟಾಂವ’ ಎಂಬ ಹೆಸರು ಬೀಳುತ್ತದೆ. ಈ ಹೆಸರು ಬೀಳಲು ಪ್ರವೇಶಪತ್ರವಾಗಲಿ ವೀಸಾ ಆಗಲಿ ಬೇಕಾಗಿಲ್ಲ. ಪಾಸ್‌ಪೋರ್ಟಿನ ವಿಚಾರಣೆಗೆ ಠಾಣೆಯ ಪೇದೆ ಒಮ್ಮೆ ಮನೆ ಬಾಗಿಲಿಗೆ ಬಂದರೆ ಸಾಕು. ಪೇದೆ ಬಂದ ಗಳಿಗೆಯಲ್ಲಿ ಓಣಿಯವರು ‘ಏನ್ ಮಾಡ್ಯಾನ?’ ಎಂದು ಗಾಬರಿಯಾಗುತ್ತಾರೆ. ಅವನು ಚಹಾ ಕುಡಿದು ಹೋದ ಮೇಲೆ ‘ಅಮೆರಿಕಾಕ್ಕ ಹೊಂಟಾನಂತ’ ಎಂದು ತಿದ್ದಿಕೊಳ್ಳುತ್ತಾರೆ. ಹುಡುಗ ಅರ್ಜಿ ಹಾಕುತ್ತಿರುವುದು ಐರ್ಲೆಂಡಿಗೆ ಎಂಬುದು ಊರಿನ ಮಟ್ಟಿಗೆ ಸಣ್ಣ ವಿವರ.

ಈತನ ವಯಸ್ಸು ಸಾಮಾನ್ಯವಾಗಿ 22ರಿಂದ 27. ಓದು ಬಹುಮಟ್ಟಿಗೆ ಬಿ.ಇ.; ಅಲ್ಲಲ್ಲಿ ಬಿ.ಎಸ್ಸಿ., ಬಿ.ಫಾರ್ಮಾ ಕೂಡ ಸಿಗುತ್ತವೆ. ಕೈಯಲ್ಲಿ ಸದಾ ಇರುವ ದಪ್ಪ ಪ್ಲಾಸ್ಟಿಕ್ ಫೈಲೇ ಇವನ ಗುರುತು. ಹತ್ತನೆಯ ತರಗತಿಯ ಅಂಕಪಟ್ಟಿಯಿಂದ ಎಂಟನೆಯ ಸೆಮಿಸ್ಟರಿನ ಅಂಕಪಟ್ಟಿಯವರೆಗೆ ಎಲ್ಲವೂ ಅದರಲ್ಲಿವೆ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಹೊಲದ ಪಹಣಿ, ಎನ್‌ಎಸ್‌ಎಸ್ ಶಿಬಿರದ ಸರ್ಟಿಫಿಕೇಟು, ಶಾಲೆಯ ಭಾಷಣ ಸ್ಪರ್ಧೆಯ ಸಮಾಧಾನಕರ ಬಹುಮಾನದ ಪತ್ರವೂ ಇವೆ. ಎಲ್ಲಕ್ಕಿಂತ ಮೇಲೆ, ಲ್ಯಾಮಿನೇಶನ್ ಆಗಿ ಹೊಳೆಯುವುದು 371(ಜೆ) ಪ್ರಮಾಣಪತ್ರ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ ಈ ವಿಧಿ ಕಲ್ಯಾಣ ಕರ್ನಾಟಕದವರಿಗೆ ಈ ಭಾಗದ ಕಾಲೇಜುಗಳಲ್ಲಿ ಶೇಕಡ 70, ರಾಜ್ಯದ ಉಳಿದ ಕಡೆ ಶೇಕಡ 8 ಸೀಟು ಕೊಡಿಸಿದೆ. ಹುಡುಗ ಇಂಜಿನಿಯರಿಂಗಿಗೆ ಸೇರಿದ್ದೇ ಈ ಕಾಗದದ ಬಲದಿಂದ. ಮ್ಯಾಂಚೆಸ್ಟರಿನಲ್ಲಾಗಲಿ ಮೆಲ್ಬರ್ನಿನಲ್ಲಾಗಲಿ ಇದಕ್ಕೆ ಕಾಲಂ ಇಲ್ಲವೆಂದು ಅವನಿಗೂ ಗೊತ್ತಿದೆ. ಆದರೂ ಸ್ಕ್ಯಾನ್ ಮಾಡಿ ‘ಇತರೆ ದಾಖಲೆಗಳು’ ಎಂಬಲ್ಲಿ ಸೇರಿಸುತ್ತಾನೆ. ಇದ್ದರೆ ಎಲ್ಲಿಯಾದರೂ ನಡೆದೀತು ಎಂಬುದು ಅಪ್ಪನ ವಾದ. ಅದನ್ನು ಕೊಟ್ಟ ಕಚೇರಿಗೆ ಅಪ್ಪ ಅಲೆದದ್ದು ಅಷ್ಟಿದೆ.

ತಾಲೂಕಿನಿಂದ ತಾಲೂಕಿಗೆ ಅರ್ಜಿದಾರನ ಸ್ವಭಾವ ಸ್ವಲ್ಪ ಬದಲಾಗುತ್ತದೆ. ಆಳಂದದವನಿಗೆ ಗಡಿ ದಾಟುವುದು ಹೊಸದಲ್ಲ. ಉಮರ್ಗಾ, ಅಕ್ಕಲಕೋಟೆ ಪಕ್ಕದಲ್ಲೇ ಇವೆ. ಸೋದರಮಾವ ಮಹಾರಾಷ್ಟ್ರದವನು, ಅತ್ತೆ ಮರಾಠಿಯಲ್ಲಿ ಬೈಯುತ್ತಾಳೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೇ ತಾಲೂಕಿನ ಕಡಗಂಚಿಯಲ್ಲಿದೆ. ಕೇರಳ, ಒಡಿಶಾದ ಹುಡುಗರು ಹಗಲೂ ರಾತ್ರಿ ರೈಲಿನಲ್ಲಿ ಕೂತು ಅಲ್ಲಿಗೆ ಓದಲು ಬರುತ್ತಾರೆ. ಆಳಂದದವನು ಅದರ ಗೇಟಿನ ಮುಂದೆಯೇ ಹಾಯುವ ಕಲಬುರಗಿ ಬಸ್ಸಿನಲ್ಲಿ ಕೂತು, ಹೆಸರು ಹೇಳಲು ನಾಲಿಗೆ ಹೊರಳದ ಇಂಗ್ಲೆಂಡಿನ ಯಾವುದೋ ಊರಿನ ವಿಶ್ವವಿದ್ಯಾಲಯದ ಬಗ್ಗೆ ಗೂಗಲ್ ಮಾಡುತ್ತಿರುತ್ತಾನೆ. ಅಫಜಲಪುರದವನದು ಭೀಮಾ ದಂಡೆಯ ಕಬ್ಬಿನ ಲೆಕ್ಕ. ಕಾರ್ಖಾನೆಯ ಬಿಲ್ಲು ಬಂದರೆ ಜನವರಿ ಸೆಮಿಸ್ಟರ್, ತಡವಾದರೆ ಸೆಪ್ಟೆಂಬರ್ ಎಂದು ಅವನ ಶೈಕ್ಷಣಿಕ ವರ್ಷ ನಿರ್ಧಾರವಾಗುತ್ತದೆ. ಜೇವರ್ಗಿಯವನು ಕಟ್ಟಿ ಸಂಗಾವಿ ಸೇತುವೆ ದಾಟಿದರೆ ಜಗತ್ತು ಶುರು ಎಂದು ಬೆಳೆದವನು. ಅವನ ಭವಿಷ್ಯ ತೊಗರಿಯನ್ನು ಅವಲಂಬಿಸಿದೆ, ತೊಗರಿ ಮಳೆಯನ್ನು. ನೆಟೆ ರೋಗ ಬಿದ್ದ ವರ್ಷ ಅರ್ಜಿಗಳ ಸಂಖ್ಯೆಯೂ ಬಾಡುತ್ತದೆ.

ಅರ್ಜಿಯ ಮೊದಲ ಘಟ್ಟ ಹೆಸರಿನದು, ಮತ್ತು ಬಹಳ ಜನ ಇಲ್ಲಿಯೇ ಆರು ತಿಂಗಳು ಕಳೆಯುತ್ತಾರೆ. ಈ ಭಾಗದಲ್ಲಿ ಮನುಷ್ಯನ ಗುರುತು ‘ಇಂಥವನು ತಂದೆ ಇಂಥವನು’ ಎಂಬ ಕ್ರಮದಲ್ಲಿ ನಡೆಯುತ್ತದೆ. ಅಡ್ಡಹೆಸರು ಇದ್ದರೂ ದಾಖಲೆಗೆ ಏರಿರುವುದಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದದ್ದೇ ಹೆಸರು, ಅವರು ಹಾಕಿದ್ದೇ ಜನ್ಮದಿನಾಂಕ. ಜೂನ್ 1ರಂದು ಹುಟ್ಟಿದವರ ಸಂಖ್ಯೆ ಇಲ್ಲಿ ಬಹಳ. ಕನ್ನಡದಲ್ಲಿ ಒಂದೇ ಆಗಿರುವ ಮಲ್ಲಿಕಾರ್ಜುನ ಇಂಗ್ಲಿಷಿಗೆ ಹೋದಾಗ ಅಂಕಪಟ್ಟಿಯಲ್ಲಿ ಎರಡು ಎಲ್ ಇಟ್ಟುಕೊಂಡು, ಆಧಾರದಲ್ಲಿ ಒಂದು ಎಲ್ ಕಳೆದುಕೊಂಡು, ಪ್ಯಾನ್ ಕಾರ್ಡಿನಲ್ಲಿ ಕೊನೆಯ ಎ ಬಿಟ್ಟು ನಿಂತಿರುತ್ತಾನೆ. ಮೂವರೂ ಒಬ್ಬನೇ ಎಂದು ಸಾಬೀತು ಮಾಡಲು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಬೇಕು. ಇಡೀ ಹೆಸರನ್ನು ಪಾಸ್‌ಪೋರ್ಟಿನ ಒಂದೇ ಮನೆಯಲ್ಲಿ ತುಂಬಿ ಅಡ್ಡಹೆಸರಿನ ಮನೆಯನ್ನು ಖಾಲಿ ಬಿಟ್ಟವನಿಗೆ ಬೇರೆಯದೇ ಗತಿ. ಅಮೆರಿಕದ ವೀಸಾದಲ್ಲಿ ಅವನ ಹೆಸರೇ ಅಡ್ಡಹೆಸರಾಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಸಂಕ್ಷಿಪ್ತ ರೂಪ ಅದು. ಏಳು ತಲೆಮಾರಿನ ಹೆಸರು ಹೇಳಬಲ್ಲ ಮನೆತನದ ಹುಡುಗ ಅಲ್ಲಿಗೆ ಹೆಸರಿಲ್ಲದವನಾಗಿ ಕಾಲಿಡುತ್ತಾನೆ.

ಎರಡನೆಯ ಘಟ್ಟ ಇಂಗ್ಲಿಷ್ ಪರೀಕ್ಷೆ. ಐಇಎಲ್‌ಟಿಎಸ್ ಎಂಬ ಈ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂಬ ನಾಲ್ಕು ಭಾಗಗಳಿವೆ. ಅಂಕಗಳು 9ರ ತನಕ ಅರ್ಧರ್ಧವಾಗಿ ಏರುತ್ತವೆ, ಫಲಿತಾಂಶ ಎರಡು ವರ್ಷ ನಡೆಯುತ್ತದೆ. ತರಬೇತಿಗೆ ಕಲಬುರಗಿ ಸಾಲದೆಂದು ಕಂಡವರು ಹೈದರಾಬಾದಿನ ಅಮೀರ್‌ಪೇಟೆ ಹಿಡಿಯುತ್ತಾರೆ. ತಿಂಗಳು ಕಳೆದು ಊರಿಗೆ ಬಂದ ಹುಡುಗ ಅವ್ವನಿಗೆ ‘ಆ್ಯಕ್ಚುವಲಿ’ ಎನ್ನದೆ ಸಾರು ಬಡಿಸು ಎನ್ನುವುದಿಲ್ಲ. ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ವ್ಯಾಕರಣದ ಹೆದರಿಕೆಯಿಲ್ಲ. ಮಾಸ್ತರರು ಹೊಡೆದು ಕಲಿಸಿದ್ದಾರೆ. ಅವನು ಸಿಕ್ಕಿಬೀಳುವುದು ಮಾತಿನ ಭಾಗದಲ್ಲಿ. ಅಲ್ಲಿ ಒಂದು ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತಾಡಿಸುತ್ತಾರೆ. ಬಹಳ ಹೊತ್ತು ಕಾದ ಸಂದರ್ಭವೊಂದನ್ನು ವರ್ಣಿಸಿ ಎಂಬಂಥ ವಿಷಯ ಬಂದರೆ ಅಫಜಲಪುರ ಬಸ್ ನಿಲ್ದಾಣದಲ್ಲಿ ಬೆಳೆದವನಿಗೆ ಎರಡು ನಿಮಿಷ ಎಲ್ಲಿ ಸಾಲಬೇಕು? ಪರೀಕ್ಷಕರು ‘ಸಾಕು’ ಎಂದಾಗ ಅವನು ಇನ್ನೂ ಮೊದಲ ಬಸ್ಸು ತಪ್ಪಿಸಿಕೊಂಡಿರುವುದಿಲ್ಲ. ಅಮೆರಿಕದ ಕೆಲವು ಕೋರ್ಸುಗಳು ಕೇಳುವ ಜಿಆರ್‌ಇ ಬೇರೆಯ ಜಾತಿ. 2023ರ ಸೆಪ್ಟೆಂಬರಿನಿಂದ ಅದು ಎರಡು ಗಂಟೆಯೊಳಗೆ ಮುಗಿಯುತ್ತದೆ. ಗಣಿತದಲ್ಲಿ 170ಕ್ಕೆ 165 ತಂದು, ಇಂಗ್ಲಿಷಿನಲ್ಲಿ 143 ತರುವುದು ಈ ಭಾಗದ ಸಂಪ್ರದಾಯ.

ಮೂರನೆಯ ಘಟ್ಟ ಎಸ್‌ಒಪಿ. ತಾನು ಯಾರು, ಈ ವಿಷಯವೇ ಏಕೆ, ಈ ವಿಶ್ವವಿದ್ಯಾಲಯವೇ ಏಕೆ, ಮುಂದೇನು ಎಂದು ಅರ್ಜಿದಾರ ಎರಡು ಪುಟದಲ್ಲಿ ಬರೆದುಕೊಡುವ ಆತ್ಮನಿವೇದನೆ ಇದು. ಆತ್ಮ ಅವನದು, ನಿವೇದನೆ ಕನ್ಸಲ್ಟನ್ಸಿಯ ಸಿದ್ಧ ನಮೂನೆಯದು. ಆ ನಮೂನೆಯ ಪ್ರಕಾರ ಜಗತ್ತಿನ ಎಲ್ಲ ಅರ್ಜಿದಾರರಿಗೂ ಬಾಲ್ಯದಿಂದಲೇ ತಂತ್ರಜ್ಞಾನದಲ್ಲಿ ಅದಮ್ಯ ಕುತೂಹಲ. ಎಲ್ಲರೂ ಎಂಟನೆಯ ವಯಸ್ಸಿಗೆ ರೇಡಿಯೋ ಬಿಚ್ಚಿದ್ದಾರೆ. ಜೇವರ್ಗಿ ತಾಲೂಕಿನ ಹಳ್ಳಿಯ ಹುಡುಗ ನಿಜವಾಗಿ ಬಿಚ್ಚಿದ್ದು ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ. ರಾತ್ರಿ ಎರಡಕ್ಕೆ ತ್ರೀ ಫೇಸ್ ಕರೆಂಟು ಬರುತ್ತಿದ್ದ ದಿನಗಳಲ್ಲಿ, ಅಪ್ಪ ನಿದ್ದೆಗೆಟ್ಟು ಹೊಲಕ್ಕೆ ಹೋಗುವುದನ್ನು ತಪ್ಪಿಸಲು, ಕರೆಂಟು ಬಂದಾಗ ತಾನಾಗಿ ಮೋಟಾರು ಶುರುವಾಗುವ ಹಾಗೆ ವೈರು ಜೋಡಿಸಿದ್ದ. ಒಮ್ಮೆ ಮೋಟಾರು ಸುಟ್ಟಿತು, ಒಮ್ಮೆ ಅಪ್ಪ ಹೊಡೆದ, ಮೂರನೆಯ ಸಲ ಕೆಲಸ ಮಾಡಿತು. ಎಲೆಕ್ಟ್ರಿಕಲ್ ಇಂಜಿನಿಯರಿಂಗಿನ ಪ್ರವೇಶ ಸಮಿತಿಯವರು ಕುರ್ಚಿಯ ತುದಿಗೆ ಬಂದು ಓದಬೇಕಾದ ಈ ಸಂಗತಿ ಅರ್ಜಿಯಲ್ಲಿ ಇರುವುದಿಲ್ಲ. ‘ಹೊಲಾ ಗಿಲಾ ಬರೀಬ್ಯಾಡ, ಬಡವರು ಅಂತ ತಿಳ್ಕೊಂತಾರ’ ಎಂದು ಕನ್ಸಲ್ಟನ್ಸಿಯ ಹುಡುಗಿ ಹೇಳಿದ್ದಾಳೆ. ಕೊನೆಗೆ ಆಳಂದದವನ ಎಸ್‌ಒಪಿ, ಅಫಜಲಪುರದವನ ಎಸ್‌ಒಪಿ, ಗುಂಟೂರಿನವನ ಎಸ್‌ಒಪಿ ಮೂರೂ ಒಂದೇ ಆಗುತ್ತವೆ. ನಕಲು ಹಿಡಿಯುವ ಸಾಫ್ಟ್‌ವೇರ್‌ಗೆ ಮಾತ್ರ ಮೂರನ್ನೂ ಓದುವ ಭಾಗ್ಯ.

ಶಿಫಾರಸು ಪತ್ರದ ಕಥೆ ಚಿಕ್ಕದು. ಹುಡುಗನನ್ನು ಹತ್ತಿರದಿಂದ ಬಲ್ಲ ಇಬ್ಬರು ಅಥವಾ ಮೂವರು ಪ್ರಾಧ್ಯಾಪಕರು ಗುಟ್ಟಾಗಿ ಬರೆದು ಕಳಿಸಬೇಕೆಂದು ನಿಯಮ. ವಿಭಾಗದ ಮುಖ್ಯಸ್ಥರು ಅವನನ್ನು ನೋಡಿ ‘ನೀ ಯಾವ ಬ್ಯಾಚಪಾ?’ ಎಂದು ಕೇಳಿ, ‘ನೀನೇ ಬರಕೊಂಡು ಬಾ, ನಾ ಸೈ ಮಾಡ್ತೀನಿ’ ಎನ್ನುತ್ತಾರೆ. ಹೀಗೆ ಅರ್ಜಿದಾರ ಒಂದೇ ರಾತ್ರಿಯಲ್ಲಿ ಮೂವರು ಪ್ರಾಧ್ಯಾಪಕರಾಗಿ ತನ್ನನ್ನು ತಾನು ಮೂರು ಬಗೆಯಲ್ಲಿ ಹೊಗಳಿಕೊಳ್ಳಬೇಕು. ಸಂಕೋಚದ ಹುಡುಗರು ಇಲ್ಲಿ ನಷ್ಟ ಅನುಭವಿಸುತ್ತಾರೆ. ‘ಪರವಾಗಿಲ್ಲ, ಒಳ್ಳೆಯವನು’ ಎಂದು ತಮ್ಮ ಬಗ್ಗೆ ಬರೆದುಕೊಂಡವರಿದ್ದಾರೆ. ಪತ್ರ ಕಾಲೇಜಿನ ಅಧಿಕೃತ ಮಿಂಚಂಚೆಯಿಂದಲೇ ಬರಬೇಕೆಂದು ಆ ಕಡೆಯವರು ಪಟ್ಟು ಹಿಡಿದರೆ, ಆ ಮಿಂಚಂಚೆಯ ಪಾಸ್‌ವರ್ಡ್ ಗೊತ್ತಿದ್ದ ಕಂಪ್ಯೂಟರ್ ಆಪರೇಟರ್ ಎಲ್ಲಿಗೆ ವರ್ಗವಾದರೆಂದು ಹುಡುಕಿಕೊಂಡು ಹೋಗಬೇಕಾಗುತ್ತದೆ.

ವಿಶ್ವವಿದ್ಯಾಲಯಗಳ ಆಯ್ಕೆ ನಾಲ್ಕನೆಯ ಘಟ್ಟ. ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ದತ್ತನ ಭಕ್ತರು ಕನಿಷ್ಠ ಐದು ಮನೆಗಳಲ್ಲಿ ಮಧುಕರಿ ಬೇಡುವ ಹಾಗೆ, ಅರ್ಜಿದಾರನೂ ಕನಿಷ್ಠ ಐದು ವಿಶ್ವವಿದ್ಯಾಲಯಗಳ ಬಾಗಿಲಲ್ಲಿ ನಿಲ್ಲುತ್ತಾನೆ. ಗಾಣಗಾಪುರದಲ್ಲಿ ಬೇಡಿದವನಿಗೆ ರೊಟ್ಟಿ ಸಿಗುತ್ತದೆ. ಇಲ್ಲಿ ಬೇಡುವವನೇ ಒಂದೊಂದು ಬಾಗಿಲಿಗೆ ಅರ್ಜಿ ಶುಲ್ಕ ತೆರಬೇಕು, ಅದೂ ಡಾಲರಿನಲ್ಲಿ. ಆ ಶುಲ್ಕ ಕಟ್ಟಲು ಕ್ರೆಡಿಟ್ ಕಾರ್ಡ್ ಬೇಕು. ಓಣಿಯಲ್ಲಿ ಕ್ರೆಡಿಟ್ ಕಾರ್ಡ್ ಇರುವ ಒಬ್ಬನೇ ಮನುಷ್ಯ, ಬೆಂಗಳೂರಿನಲ್ಲಿ ಕೆಲಸ ಮಾಡುವ ಕಾಕಾನ ಮಗ, ಈ ಋತುವಿನಲ್ಲಿ ಫೋನ್ ಎತ್ತುವುದಿಲ್ಲ.

ದೇಶದ ಆಯ್ಕೆಯಲ್ಲಿ ಊರಿಗೆ ಊರೇ ತಜ್ಞರು. ಜರ್ಮನಿಯ ಬಹುತೇಕ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬ ಸುದ್ದಿ ಕಟ್ಟೆಗೆ ಮುಟ್ಟಿದ ದಿನ ‘ಫ್ರೀ ಅಂದ್ರ ಅದೇ ಛಲೋ’ ಎಂಬ ತೀರ್ಪು ಬರುತ್ತದೆ. ಖರ್ಚಿಗೆಂದು ವರ್ಷದ ಹಣ, 2024ರ ಸೆಪ್ಟೆಂಬರಿನಿಂದ 11,904 ಯೂರೋ, ಅಲ್ಲಿನ ಖಾತೆಯಲ್ಲಿ ಮೊದಲೇ ಕಟ್ಟಿಡಬೇಕು, ಭಾರತದವರು 2022ರ ನವೆಂಬರಿನಿಂದ ಓದಿನ ದಾಖಲೆ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವನ್ನೂ ತರಬೇಕು ಎಂಬ ಭಾಗ ಕಟ್ಟೆಗೆ ಮುಟ್ಟುವುದಿಲ್ಲ. ಕೆನಡಾ ಕೆಲವು ವರ್ಷ ಎಲ್ಲರ ಬಾಯಲ್ಲಿತ್ತು. ಖರ್ಚಿಗೆ ತೋರಿಸಬೇಕಾದ ಹಣವನ್ನು 2024ರ ಜನವರಿಯಲ್ಲಿ ಹತ್ತು ಸಾವಿರ ಕೆನಡಾ ಡಾಲರಿನಿಂದ 20,635ಕ್ಕೆ ಏರಿಸಿ, ಅದೇ ವರ್ಷದ ನವೆಂಬರಿನಲ್ಲಿ ಬೇಗ ವೀಸಾ ಕೊಡುವ ವ್ಯವಸ್ಥೆಯನ್ನೂ ನಿಲ್ಲಿಸಿದ ಮೇಲೆ ಆ ಬಾಯಿಗಳು ಆಸ್ಟ್ರೇಲಿಯಾದ ಕಡೆ ತಿರುಗಿದವು. ಇಂಗ್ಲೆಂಡಿಗೆ ಹೋಗುವವರು ಒಂದೇ ವರ್ಷದಲ್ಲಿ ಎಂ.ಎಸ್. ಮುಗಿಸುವ ಅವಸರದವರು. ವೈದ್ಯಕೀಯಕ್ಕೆ ಹೊರಟವರದು ಬೇರೆ ಪಂಗಡ. ನೀಟ್‌ನಲ್ಲಿ ಅರ್ಹತೆ ಪಡೆದರೂ ಸೀಟು ಸಿಗದೆ ರಷ್ಯಾ, ಕಿರ್ಗಿಸ್ತಾನಗಳ ಬಾಗಿಲು ತಟ್ಟುವ ಈ ಹುಡುಗರಿಗೆ 2022ರ ನಂತರ ಅಜ್ಜಿಯರು ಕೇಳುವ ಮೊದಲ ಪ್ರಶ್ನೆ ‘ಅಲ್ಲಿ ಲಡಾಯಿ ಅದಾನು?’ ಎಂಬುದು. ಬ್ಯಾಂಕು, ಕನ್ಸಲ್ಟನ್ಸಿ, ಬಂಧುಗಳು ಕೇಳುವ ಎಲ್ಲ ಪ್ರಶ್ನೆಗಳಿಗಿಂತ ಇದು ಬುದ್ಧಿವಂತಿಕೆಯದು.

ಐದನೆಯ ಘಟ್ಟ ಹಣ. ಅರ್ಜಿದಾರನ ನಿಜವಾದ ಪರೀಕ್ಷೆ ಇದೇ. ಹದಿನೆಂಟು ಇಪ್ಪತ್ತು ಎಕರೆ ಕರಿ ಭೂಮಿ ಇರುವ ಅಪ್ಪ ಹೊಸ ಧೋತರ ಉಟ್ಟು ಬ್ಯಾಂಕಿಗೆ ಹೋಗುತ್ತಾನೆ. ಅಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

‘ಹದಿನೆಂಟ್ ಎಕರೆ ಅದರಿ ಸಾಹೇಬ್ರ. ಒಂದ್ ಕಲ್ ಸಿಗಂಗಿಲ್ಲ ಹೊಲದಾಗ.’

‘ಹೊಲ ನಡೆಯಂಗಿಲ್ಲರಿ ಗೌಡ್ರ. ಕಲಬುರಗಿದಾಗ ಪ್ಲಾಟ್ ಏನರ ಅದಾನು?’

‘ಪ್ಲಾಟ್ ಇದ್ದಿದ್ರ ಹೊಲ ಯಾಕ್ ಮಾಡ್ತಿದ್ದೆರಿ?’

ಮ್ಯಾನೇಜರರ ತಪ್ಪಿಲ್ಲ. ಸಾಲ ತೀರದಿದ್ದಾಗ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ನೇರವಾಗಿ ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ರೈತನ ಹೊಲ ಉಳಿಯಲೆಂದು ಮಾಡಿದ ಏರ್ಪಾಡು ಅದು. ಅದರಿಂದಲೇ ಶಿಕ್ಷಣ ಸಾಲಕ್ಕೆ ಹೊಲವನ್ನು ಒಪ್ಪುವ ಬ್ಯಾಂಕು ಅಪರೂಪ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷದ ತನಕ ಅಡಮಾನ ಬೇಕಿಲ್ಲ, ಅದನ್ನು ಮೀರಿದರೆ ಬೇಕು. ವಿದೇಶದ ಓದಿಗೆ ಏಳೂವರೆ ಲಕ್ಷ ಎಂದರೆ ಮೊದಲ ಚಳಿಗಾಲದ ತನಕ. ಹೀಗಾಗಿ ಹದಿನೆಂಟು ಎಕರೆಯ ಗೌಡ ಕಾಗದದಲ್ಲಿ ಬರಿಗೈ ಮನುಷ್ಯ. ಕಲಬುರಗಿಯ ಹೊರವರ್ತುಲ ರಸ್ತೆಯಾಚೆ ಜಾಲಿ ಬೆಳೆದ ಎನ್‌ಎ (ಕೃಷಿಯೇತರ) ಪ್ಲಾಟು ಇರುವ ಗುಮಾಸ್ತ ಸಿರಿವಂತ.

ಆದಾಯದ ವಿಷಯ ಇನ್ನೂ ಸೊಗಸು. ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಲ್ಲ. ತೆರಿಗೆಯಿಲ್ಲದವನು ರಿಟರ್ನ್ ಸಲ್ಲಿಸಿರುವುದಿಲ್ಲ. ರಿಟರ್ನ್ ಇಲ್ಲದವನಿಗೆ ಆದಾಯವಿದೆ ಎಂದು ಬ್ಯಾಂಕಾಗಲಿ ದೂತಾವಾಸವಾಗಲಿ ಸುಲಭಕ್ಕೆ ನಂಬುವುದಿಲ್ಲ. ಇಷ್ಟರ ಮೇಲೆ ನಾಡಕಚೇರಿಯ ಆದಾಯ ಪ್ರಮಾಣಪತ್ರವೊಂದಿದೆ. ಶುಲ್ಕ ವಿನಾಯಿತಿ, ಸ್ಕಾಲರ್‌ಶಿಪ್ ಎಂದು ಅದರಲ್ಲಿ ಕುಟುಂಬದ ವಾರ್ಷಿಕ ವರಮಾನವನ್ನು ಎಷ್ಟು ಕುಗ್ಗಿಸಬಹುದೋ ಅಷ್ಟು ಕುಗ್ಗಿಸಲಾಗಿದೆ. ಅದೇ ಕುಟುಂಬ ಈಗ ಲೆಕ್ಕಪರಿಶೋಧಕರ ಹತ್ತಿರ ಹೋಗಿ ನಿವ್ವಳ ಆಸ್ತಿಯ ಪತ್ರ ಮಾಡಿಸಬೇಕು. ಅದರಲ್ಲಿ ಹೊಲ, ಮನೆ, ಎತ್ತು, ಟ್ರ್ಯಾಕ್ಟರ್, ಅವ್ವನ ಬೋರಮಾಳ ಸೇರಿ ಮೊತ್ತ ಕೋಟಿಯನ್ನು ಮುಟ್ಟುತ್ತದೆ. ಎರಡೂ ಕಾಗದಗಳು ಒಂದೇ ಫೈಲಿನಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಮಲಗಿರುತ್ತವೆ. ಹುಡುಗನಿಗಿರುವ ದೊಡ್ಡ ಭಯ ಸಂದರ್ಶನದ್ದಲ್ಲ, ತಪ್ಪಿ ಬೇರೆ ಕಾಗದ ಕೈಗೆ ಬರುವುದರದ್ದು.

ಖಾತೆಯಲ್ಲಿ ಹಣ ತೋರಿಸುವುದಕ್ಕೆ ಬಂಧುಬಳಗ ಒಂದಾಗುತ್ತದೆ. ಇಂಗ್ಲೆಂಡಿನ ವೀಸಾಕ್ಕೆ ಬೇಕಾದ ಮೊತ್ತ 28 ದಿನ ಸತತ ಖಾತೆಯಲ್ಲಿರಬೇಕು, ಒಂದು ದಿನವೂ ಕೆಳಗಿಳಿಯಬಾರದು. ಮಾವನಿಂದ ಮೂರು ಲಕ್ಷ, ತೊಗರಿ ಮಾರಿದ್ದು ಐದು, ಅಡತಿ ಸಾವ್ಕಾರನಿಂದ ನಾಲ್ಕು ಎಂದು ಕೂಡಿಸಿ ಎಣಿಕೆ ಶುರುವಾಗುತ್ತದೆ. ಹತ್ತೊಂಬತ್ತನೆಯ ದಿನ ಮಾವನ ಊರಲ್ಲಿ ಬೋರ್ ಕೊರೆಯುವ ಲಾರಿ ಬಂದು ನಿಲ್ಲುತ್ತದೆ. ಮಾವ ಫೋನ್ ಮಾಡಿ, ‘ಎಂಟೇ ದಿನಕ್ಕ ತಿರುಗಿ ಹಾಕ್ತೀನಿ ಅಳಿಯಾ’ ಎನ್ನುತ್ತಾನೆ. ಬೋರಿನಲ್ಲಿ ನೀರು ಬೀಳುವುದಿಲ್ಲ, ಎಣಿಕೆ ಮತ್ತೆ ಒಂದರಿಂದ.

ಸ್ಕಾಲರ್‌ಶಿಪ್ ಹಾದಿ ಈ ನೆಲಕ್ಕೆ ಹೊಸದಲ್ಲ. 1948ರ ತನಕ ಈ ತಾಲೂಕುಗಳಿದ್ದ ಹೈದರಾಬಾದ್ ಸಂಸ್ಥಾನದ ನಿಜಾಮರ ವಿದ್ಯಾರ್ಥಿವೇತನದಿಂದಲೇ ಸರೋಜಿನಿ ನಾಯ್ಡು 1895ರಲ್ಲಿ ಇಂಗ್ಲೆಂಡಿಗೆ ಓದಲು ಹೋದದ್ದು. ಬರೋಡಾ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ ಕೊಟ್ಟ ಹಣದಿಂದ ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಈಗ ಮಹಾರಾಜರ ಜಾಗದಲ್ಲಿ ಪೋರ್ಟಲ್ ಇದೆ. ಪರಿಶಿಷ್ಟ ಜಾತಿಯವರಿಗೆ, ಅಲೆಮಾರಿ ಬುಡಕಟ್ಟುಗಳಿಗೆ, ಭೂಹೀನ ಕೃಷಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಿಂದ ನಡೆದು ಬಂದಿದೆ. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯೂ ಇದೆ. ಈ ವೇತನಗಳಿಗೆ ಅರ್ಹನಾದ ಹುಡುಗ ತಾಲೂಕಿನಲ್ಲಿ ಇರುತ್ತಾನೆ, ವೇತನದ ಕಡೆಯ ದಿನಾಂಕವೂ ಇರುತ್ತದೆ. ಎರಡಕ್ಕೂ ಪರಿಚಯವಾಗುವುದು ಸಾಮಾನ್ಯವಾಗಿ ಕಡೆಯ ದಿನಾಂಕದ ಮರುದಿನ.

ಹೆಣ್ಣುಮಕ್ಕಳಲ್ಲೂ ಫಾರಿನ್ ಹೊಂಟವರು ಈಚೆಗೆ ಹೆಚ್ಚುತ್ತಿದ್ದಾರೆ. ಗಂಡು ಅರ್ಜಿದಾರನಿಗಿಂತ ಇವರ ಕೆಲಸ ಇಮ್ಮಡಿ. ಅಪ್ಪನ ಕಪಾಟಿನಲ್ಲಿ ಒಂದೇ ಹುಡುಗಿಯ ಎರಡು ಫೈಲು ಇರುತ್ತವೆ: ಒಂದರಲ್ಲಿ ಅಂಕಪಟ್ಟಿ, ಇನ್ನೊಂದರಲ್ಲಿ ಕುಂಡಲಿ. ‘ಮೊದ್ಲ ಲಗ್ನ ಆಗ್ಲಿ, ಆಮ್ಯಾಲ ಅವರ ಮನ್ಯಾವ್ರು ಕಳಿಸಿದ್ರ ಓದವಳ್ಳಿ’ ಎಂದು ಸೋದರತ್ತೆ ತೀರ್ಪು ಕೊಡುತ್ತಾಳೆ. ಹುಡುಗಿ ಸಾಮಾನ್ಯವಾಗಿ ಎದುರು ಮಾತಾಡುವುದಿಲ್ಲ. ಐಇಎಲ್‌ಟಿಎಸ್‌ನಲ್ಲಿ ಏಳೂವರೆ ತಂದು, ಪ್ರವೇಶಪತ್ರ ತರಿಸಿಕೊಂಡು, ಶುಲ್ಕದಲ್ಲಿ ರಿಯಾಯಿತಿಯನ್ನೂ ಪಡೆದು ಕಾಗದಗಳನ್ನು ಅಪ್ಪನ ಮುಂದೆ ಇಡುತ್ತಾಳೆ. ಈ ವರ್ಗದಲ್ಲಿ ‘ಹೊಂಟಾಳ’ ಎನಿಸಿಕೊಂಡು ವರ್ಷಗಟ್ಟಲೆ ಕಟ್ಟೆಯ ಮೇಲೆ ಕೂತವರು ಯಾರೂ ಕಾಣುವುದಿಲ್ಲ. ಅವರಿಗೆ ಕಟ್ಟೆಯಿಲ್ಲ, ಅಷ್ಟು ವರ್ಷಗಳ ಸಡಿಲೂ ಇಲ್ಲ.

ಆರನೆಯ ಘಟ್ಟ ವೀಸಾ. ಬೆಂಗಳೂರಿನ ಅಮೆರಿಕ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾದರೂ ಆ ಹೊತ್ತಿಗೆ ಅಲ್ಲಿ ವೀಸಾ ಸೇವೆ ಇರಲಿಲ್ಲ. ಚೆನ್ನೈ ದೂರ, ಹೈದರಾಬಾದ್ ಕಲಬುರಗಿಗೆ ಹಳೆಯ ರಾಜಧಾನಿ. ವಿದೇಶಿ ವಿದ್ಯಾರ್ಥಿಗಳ ನೋಂದಣಿಗೆಂದು 350 ಡಾಲರ್ ಸೆವಿಸ್ ಶುಲ್ಕ, 185 ಡಾಲರ್ ವೀಸಾ ಶುಲ್ಕ ಕಟ್ಟಿ ಹುಡುಗ ಅಲ್ಲಿಗೆ ಹೋಗುತ್ತಾನೆ. ಹೋಗುವ ಮೊದಲು ಆಳಂದದವನು ಲಾಡ್ಲೆ ಮಶಾಕ್ ದರ್ಗಾಕ್ಕೆ, ಅಫಜಲಪುರದವನು ಗಾಣಗಾಪುರಕ್ಕೆ, ಜೇವರ್ಗಿಯವನು ಶರಣಬಸವೇಶ್ವರರ ಹುಟ್ಟೂರು ಅರಳಗುಂಡಗಿಗೆ ಹೋಗಿ ಕಾಯಿ ಅಥವಾ ಸಕ್ಕರೆ ಸಲ್ಲಿಸುತ್ತಾನೆ. ಹೈದರಾಬಾದಿಗೆ ಇಳಿದ ಮೇಲೆ ಎಲ್ಲರೂ ಚಿಲ್ಕೂರು ಬಾಲಾಜಿಯ ಗುಡಿಗೆ ಹನ್ನೊಂದು ಸುತ್ತು ಹಾಕುತ್ತಾರೆ. ವೀಸಾ ಸಿಕ್ಕರೆ 108 ಸುತ್ತು ಹಾಕುವುದು ಅಲ್ಲಿನ ಪದ್ಧತಿ. ಸಂದರ್ಶನ ಎರಡು ಮೂರು ನಿಮಿಷದ್ದು. ಅಮೆರಿಕದ 1952ರ ವಲಸೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ, ಬಂದವನು ಅಲ್ಲಿಯೇ ನೆಲೆಸಲು ಹೊರಟಿದ್ದಾನೆ ಎಂದು ಅಧಿಕಾರಿ ಮೊದಲೇ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಅರ್ಜಿದಾರನದು. ‘ಓದು ಮುಗಿಸಿ ಊರಿಗೇ ಬರುತ್ತೇನೆ’ ಎಂದು ಅವನು ಗಾಜಿನಾಚೆಯ ಅಧಿಕಾರಿಗೆ ಹೇಳುತ್ತಿರುವಾಗ, ಹೊರಗೆ ಬೇವಿನ ಮರದ ಕೆಳಗೆ ನಿಂತ ಅಪ್ಪ ‘ಅಲ್ಲೇ ಸೆಟ್ಲ್ ಆಗ್ಲಿ ದೇವ್ರಾ’ ಎಂದು ಬೇಡಿಕೊಳ್ಳುತ್ತಿರುತ್ತಾನೆ. ದೇವರ ಹತ್ತಿರ ಎರಡೂ ಹೇಳಿಕೆ ದಾಖಲಾಗುತ್ತವೆ. ಅಧಿಕಾರಿ ನಿರಾಕರಣೆಯ ಚೀಟಿ ಕೊಟ್ಟರೆ ಅಪ್ಪನ ಅರ್ಜಿಯೂ ಅಷ್ಟರ ಮಟ್ಟಿಗೆ ವಜಾ.

ಈ ಎಲ್ಲ ಘಟ್ಟಗಳ ಉದ್ದಕ್ಕೂ ಬಂಧುಗಳ ವಿಚಾರಣೆ ನಡೆದೇ ಇರುತ್ತದೆ. ಲಗ್ನ, ಸೀಮಂತ, ಜವಳ, ತಿಥಿ ಯಾವುದೇ ಇರಲಿ, ಹುಡುಗ ಕಂಡರೆ ‘ಯಾವಾಗ ಹೊಂಟಿಪಾ?’ ಎಂಬ ಪ್ರಶ್ನೆ ಖಚಿತ. ಟೆಕ್ಸಾಸ್ ಎಂದರೆ, ‘ನಮ್ಮ ಬೀಗರ ಮಗ ಕ್ಯಾಲಿಫೋರ್ನಿಯಾದಾಗ ಅದಾನ, ಆಯಿತವಾರಕ್ಕೊಮ್ಮೆ ಹೋಗಿ ಊಟ ಮಾಡಿ ಬಾ’ ಎಂಬ ಆಹ್ವಾನ ಬರುತ್ತದೆ. ವೀಸಾ ಸಿಕ್ಕವನಿಗೆ ಬಸ್ ನಿಲ್ದಾಣದ ಹತ್ತಿರ ಫ್ಲೆಕ್ಸ್ ಏಳುತ್ತದೆ. ಅದರಲ್ಲಿ ಹುಡುಗನ ಫೋಟೊ ಚಿಕ್ಕದು, ಶುಭಾಶಯ ಕೋರುವವರ ಫೋಟೊ ದೊಡ್ಡದು, ಶಾಸಕರದು ಎಲ್ಲಕ್ಕಿಂತ ದೊಡ್ಡದು. 23 ಕಿಲೋದ ಎರಡು ಪೆಟ್ಟಿಗೆಗಳಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ತುಂಬಿದ ಮೇಲೆ ತೊಗರಿ ಬೇಳೆಗೆ ಜಾಗ ಮಾಡಲು ಪುಸ್ತಕಗಳನ್ನು ಹೊರಗೆ ತೆಗೆಯುತ್ತಾರೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೇಳೆ ಅದು. ಕಲಬುರಗಿಯ ಕಾಗದಗಳಲ್ಲಿ ಯಾವ ತಗಾದೆಯೂ ಇಲ್ಲದ್ದು ಅದೊಂದೇ.

ವೀಸಾ ಸಿಗದವನ ಗತಿ ಊರು ತಿಳಿದಷ್ಟು ಕೆಟ್ಟದಲ್ಲ. ಮೂರು ವರ್ಷ ಫೈಲು ಹೊತ್ತ ಅನುಭವದಿಂದ ಅವನು ತಾಲೂಕಿಗೆ ಬಹಳ ಬೇಕಾದ ಮನುಷ್ಯನಾಗುತ್ತಾನೆ. ಪಾಸ್‌ಪೋರ್ಟ್ ಅರ್ಜಿ, ಹೆಸರು ತಿದ್ದುಪಡಿ, ಆಧಾರ್ ಜೋಡಣೆ, ಬೆಳೆ ವಿಮೆ, ಸ್ಕಾಲರ್‌ಶಿಪ್ ಪೋರ್ಟಲ್ ಎಲ್ಲಕ್ಕೂ ಜನ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಹೆಸರು ಮಾತ್ರ ಬದಲಾಗುವುದಿಲ್ಲ. ಎರಡು ಮಕ್ಕಳ ತಂದೆಯಾದ ಮೇಲೂ ‘ಆ ಫಾರಿನ್ ಹೊಂಟಾವ್ನ ಅಂಗಡಿ’ ಎಂದೇ ವಿಳಾಸ. ಮುಂದಿನ ತಂಡಕ್ಕೆ ಅವನು ಪುಕ್ಕಟೆ ಹೇಳುವ ಮಾತುಗಳು ಕೆಲವಿವೆ. ಹೆಸರನ್ನು ಹತ್ತನೆಯ ತರಗತಿಯ ಅಂಕಪಟ್ಟಿ ಅಚ್ಚಾಗುವ ಮೊದಲೇ ತಿದ್ದಿಸಿಕೊಳ್ಳಿ. ಸ್ಟಾರ್ಟರ್ ಬಿಚ್ಚಿದ್ದರೆ ಅದನ್ನೇ ಬರೆಯಿರಿ. ಕನ್ಸಲ್ಟನ್ಸಿ ಪುಕ್ಕಟೆ ಎಂದರೆ ಅನೇಕ ಕಡೆ ಕಮಿಷನ್ ಕೊಡುವುದು ಆ ವಿಶ್ವವಿದ್ಯಾಲಯವೇ ಎಂದು ತಿಳಿಯಿರಿ. ಕೆನಡಾದಲ್ಲಿ 2023ರಲ್ಲಿ ಸುದ್ದಿಯಾದ ನಕಲಿ ಪ್ರವೇಶಪತ್ರಗಳ ಪ್ರಕರಣವನ್ನು ನೆನೆದು, ಕೈಗೆ ಬಂದ ಪತ್ರ ಅಸಲಿಯೇ ಎಂದು ವಿಶ್ವವಿದ್ಯಾಲಯಕ್ಕೇ ಬರೆದು ಕೇಳಿ. ಅಮೆರಿಕದ ಆಗಸ್ಟ್ ತರಗತಿಗೆ ಬಹಳ ಕಡೆ ಅರ್ಜಿ ಮುಗಿಯುವುದು ಹಿಂದಿನ ಡಿಸೆಂಬರ್, ಜನವರಿಯಲ್ಲೇ. ತಯಾರಿ ಅದಕ್ಕೂ ಒಂದು ವರ್ಷ ಮೊದಲು.

ಊರಿನವರಿಗೂ ಒಂದು ಮಾತು ಹೇಳುವುದಿದೆ. ಈ ಹುಡುಗನಿಗೆ ‘ಯಾವಾಗ ಹೊಂಟಿಪಾ?’ ಎಂದು ಕೇಳುವವರಿಗೆ ಮೂರೂ ತಾಲೂಕುಗಳಲ್ಲಿ ಬರವಿಲ್ಲ. ಅವನಿಗೆ ಬೇಕಾಗಿರುವುದು ಜಾಮೀನಿಗೆ ಸಹಿ ಹಾಕುವವರು.